ಸಂಘಮಿತ್ರಾ ನಾಲಿಗೆಗೆ ಹಚ್ಚಿದ ಕಲ್ಲು

ಸಂಘಮಿತ್ರಾ ನನ್ನ ಗೆಳತಿ, ಮಸ್ಕಿಯವಳು. ಅವಳಪ್ಪ ಅಂಬಪ್ಪ ಹಟ್ಟಿ ಗಣಿಯಲ್ಲಿ ಮೂವತ್ತು ವರ್ಷ ಕಲ್ಲು ಕೊರೆದವರು. ಮಗಳದೂ ಕಲ್ಲಿನದೇ ನೌಕರಿ, ಆದರೆ ಗುಜರಾತಿನಲ್ಲಿ. ಎಣ್ಣೆಬಾವಿಯ ಆಳದಿಂದ ತೆಗೆದ ಮರಳುಗಲ್ಲನ್ನು ಒಡೆದು, ಅದರ ಸಣ್ಣ ರಂಧ್ರಗಳು ಎಷ್ಟು ಎಣ್ಣೆ ಹಿಡಿದಾವು, ಎಷ್ಟು ಸರಾಗ ಬಿಟ್ಟಾವು ಎಂದು ಅಳೆಯುವುದು. ಕಲ್ಲಿನ ವಿಷಯದಲ್ಲಿ ಅವಳ ಅಂದಾಜು ತಪ್ಪಿದ್ದನ್ನು ನಾನು ಕೇಳಿಲ್ಲ. ಮನುಷ್ಯರ ವಿಷಯದಲ್ಲಿ ಯಾವಾಗಲೂ ತಪ್ಪು.

ಕಳೆದ ವರ್ಷ ಅವಳು ರಜೆಗೆ ಬಂದಾಗ ಸಂತೆಕಲ್ಲೂರಿನ ಸಂಗಮ್ಮ ಹುಡುಕಿಕೊಂಡು ಬಂದು ಅತ್ತಳು. ಜಮೀನು ದಲ್ಲಾಳಿಯೊಬ್ಬ ಎಣ್ಣೆ ನಾರುವ ಕಲ್ಲೊಂದನ್ನು ತಂದು, ನಿಮ್ಮ ಹೊಲದ ಬಾವಿಯಲ್ಲೇ ಸಿಕ್ಕಿತು, ಕೆಳಗೆ ಎಣ್ಣೆ ಇದೆ ಎಂದಿದ್ದನಂತೆ. ಆ ಹೊಲ ಯಾರದೆಂದು ಅವಳ ಮಕ್ಕಳು ಕೊಡಲಿ ಹಿಡಿದಿದ್ದರು. ಹಿರಿಯ ಸಂಗನಬಸವ ತಮ್ಮನ ಭುಜ ಸೀಳಿದ್ದ. ಕಿರಿಯ ಬಸವಲಿಂಗ ಅಣ್ಣನ ಎರಡು ಬೆರಳು ಕಡಿದಿದ್ದ.

"ಎಣ್ಣಿ ಐತೋ ಇಲ್ಲೋ ಖರೇ ಹೇಳವ್ವ. ಇಲ್ಲಂದ್ರ ನನ್ನ ಮಕ್ಕಳು ಉಳೀತಾರ" ಅಂದಳು.

ಇಬ್ಬರೂ ಹೋದೆವು. ಸಂಘಮಿತ್ರಾಳ ಜಾತಿ ಗೊತ್ತಿದ್ದರಿಂದ ಯಾರೂ ಒಳಗೆ ಕರೆಯಲಿಲ್ಲ, ಅಂಗಳದಲ್ಲೇ ಕೂತೆವು. ಕಲ್ಲು ದೇವರ ಜಗಲಿಯಿಂದ ಬಂತು, ಮೈತುಂಬ ವಿಭೂತಿ. ಸಂಘಮಿತ್ರಾ ಸುತ್ತಿಗೆಯಿಂದ ಅದನ್ನು ಎರಡು ಹೋಳು ಮಾಡಿ, ಒಳಮೈಯನ್ನು ನಾಲಿಗೆಗೆ ಹಚ್ಚಿದಳು. ಒಣ ಮರಳುಗಲ್ಲು ನಾಲಿಗೆಗೆ ಅಂಟುತ್ತದೆ, ಎಣ್ಣೆ ಕುಡಿದದ್ದು ಅಂಟುವುದಿಲ್ಲ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ, ಅಲ್ಲಿಯೂ ಮಾಡಿಬಿಟ್ಟಳು. ದಡ್ಡಿ!

"ಒಳಗೆಲ್ಲ ಒಣಾ ಐತ್ರಿ. ಯಾರೋ ಎಣ್ಣ್ಯಾಗ ನೆನಿಸ್ಯಾರ. ನಿಮ್ಮ ಹೊಲದಾಗ ಇಂಥಾ ಕಲ್ಲೇ..."

"ದೇವರ ಕಲ್ಲು ಎಂಜಲಾ ಮಾಡ್ತಿಯೇನಬೇ!" ಎಂದು ಸಂಗನಬಸವ ಎದೆಗೆ ಒದ್ದ. ಬಸವಲಿಂಗ ಅವಳ ಸುತ್ತಿಗೆಯನ್ನೇ ಕಸಿದು ದವಡೆಗೆ ಬೀಸಿದ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವಳ ಕೂದಲು ಹಿಡಿದು ಅಣ್ಣ ಎತ್ತಿದ, ತಮ್ಮ ಮತ್ತೆ ಹೊಡೆದ. ಅಡ್ಡ ಹೋದ ನನ್ನ ಮುಂಗೈ ಲಟಕ್ಕನೆ ಮುರಿಯಿತು. ಅವಳ ಬಾಯಿಯ ರಕ್ತ ನನ್ನ ಮುಖಕ್ಕೆ ಸಿಡಿಯಿತು. ಅಣ್ಣನಿಗೆ ಎಂಜಲಿನ ಸಿಟ್ಟು, ತಮ್ಮನಿಗೆ ಎಣ್ಣೆ ಹೋದ ಸಿಟ್ಟು. ಮೂರು ತಿಂಗಳು ಒಬ್ಬರನ್ನೊಬ್ಬರು ಕಡಿದಾಡಿದ ಆ ಹರಾಮಿಗಳು ಒಬ್ಬಳು ಹೆಂಗಸನ್ನು ಬಡಿಯಲು ಎಷ್ಟು ಚೆನ್ನಾಗಿ ಹೊಂದಿಕೊಂಡರು! ಊರು ನಿಂತು ನೋಡಿತು.

ಮೂರನೆಯ ದಿನ ಲಿಂಗಸುಗೂರಿನ ಆಸ್ಪತ್ರೆಗೆ ಸಂಗಮ್ಮ ಬಂದಳು. ಹೇಳಿಕೆ ಪಡೆಯಲು ಪೊಲೀಸರು ಆಗಲೇ ಕೂತಿದ್ದರು.

"ಅಣ್ಣ ತಮ್ಮ ಕೂಡಿ ಉಣ್ಣಾಕತ್ತಾರವ್ವ, ನಿನ್ನ ಪುಣ್ಯ. ಕೇಸ್ ಒಂದು ಬ್ಯಾಡ" ಎಂದು ಸಂಘಮಿತ್ರಾಳ ಕಾಲು ಹಿಡಿದಳು.

ದವಡೆಗೆ ತಂತಿ ಕಟ್ಟಿದ್ದರಿಂದ ಸಂಘಮಿತ್ರಾಗೆ ಮಾತಾಡಲು ಆಗುತ್ತಿರಲಿಲ್ಲ. ಮುದುಕಿಯ ಕೈಯನ್ನು ಮೆಲ್ಲಗೆ ಬಿಡಿಸಿದಳು. ಪೊಲೀಸರಿಂದ ಪೆನ್ನು ಇಸಿದುಕೊಂಡು, ಇಬ್ಬರ ಹೆಸರನ್ನೂ ತಾನೇ ಬರೆದಳು.