ಸೀಟಿನಡಿಯ ಸ್ವಿಚ್ಚು

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಶಾಲೆ ಅರ್ಧಕ್ಕೇ ಬಿಟ್ಟವಳು, ಮಾತಿನಲ್ಲೂ ತಪ್ಪಿದ್ದೀತು. ಓದುವವರು ಕ್ಷಮಿಸಬೇಕು. ಇದು ನನ್ನ ಅತ್ತೆಯ ಕತೆ.

ಅತ್ತೆ ಗಾಡಿಗಳ ವೈರಿಂಗ್ ಕೆಲಸದವಳು. ಶೆಡ್ಡಿನಲ್ಲಿ ಅವಳೂ ಮಾವನೂ ಜೊತೆಗೇ ದುಡಿದರೂ ಗಿರಾಕಿಗಳ ಬಾಯಲ್ಲಿ ಇದ್ದದ್ದು ಮಾವನ ಹೆಸರೊಂದೇ. ಅವನು ತೀರಿಕೊಂಡ ಮೇಲೆ ಯಾರೂ ಇತ್ತ ತಲೆ ಹಾಕಲಿಲ್ಲ. ಅತ್ತೆ ಅಳಲೂ ಇಲ್ಲ. ಬೆಳಗ್ಗೆ ಬಾಗಿಲು ತೆಗೆಯುವುದು, ಸ್ಟೂಲಿನ ಮೇಲೆ ಕೂರುವುದು, ಸಂಜೆ ಬಾಗಿಲು ಹಾಕುವುದು. ಹೀಗೇ ಆದರೆ ಶೆಡ್ಡು ಮುಚ್ಚಬೇಕೆಂದು ಅವಳಿಗೂ ಗೊತ್ತಿತ್ತು.

ಒಂದು ದಿನ ಹಳೆಯ ಗಿರಾಕಿ ಟ್ಯಾಕ್ಸಿಯವನು ಬಂದ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಮಾವನ ಹಳೇ ಕಾರು ನೋಡಿ ತಲೆ ಕೆರೆದುಕೊಂಡ.

“ಅಕ್ಕ, ಬೇಜಾರು ಮಾಡ್ಕೋಬೇಡಿ. ಮನೆ ಗಾಡೀನೇ ಎದ್ದಿಲ್ಲ, ನನ್ನದನ್ನ ಯಾವ ಧೈರ್ಯದ ಮೇಲೆ ಬಿಟ್ಟು ಹೋಗ್ಲಿ?”

ನಾಡಿದ್ದು ಬಾ ಎಂದಳು ಅತ್ತೆ.

ಆ ಕಾರಿನಲ್ಲಿ ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಬಿಸಿಯಾದರೆ ಕೈ ಕೊಡುತ್ತಿತ್ತು. ಮಾವನೇ ಹೊಸದು ತಂದಿಟ್ಟಿದ್ದ. ವೈರುಗಳ ರಬ್ಬರು ಮುಟ್ಟಿದರೆ ಉದುರುತ್ತಿತ್ತು. ಒಂದನ್ನು ಬಿಚ್ಚಿ, ಅದರ ಜಾಗಕ್ಕೆ ಹೊಸದನ್ನು ಕಟ್ಟಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕುವುದು ಮಾವನ ಪದ್ಧತಿ. ಅತ್ತೆ ಹೊಸ ಕಾಯಿಲ್ ಕೂರಿಸಿ, ವೈರುಗಳನ್ನೂ ಹಾಗೇ ಬದಲಿಸಿದಳು. ಎರಡು ವೈರು ಮಾತ್ರ ಕಾಲಡಿಯ ಮ್ಯಾಟಿನಡಿ ಹೋಗಿದ್ದವು. ಅಲ್ಲಿ ರಬ್ಬರು ಗಟ್ಟಿಯಾಗಿತ್ತು. ಅವನ್ನು ಬಿಚ್ಚದೆ ಹೊಸ ವೈರಿನ ತುದಿಗಳನ್ನು ಅಲ್ಲೇ ಬೆಸೆದಳು.

ಹೇಳಿದ ದಿನ ಬಂದ ಟ್ಯಾಕ್ಸಿಯವನ ಎದುರೇ ಕೀಲಿ ತಿರುಗಿಸಿದಳು. ಸೆಲ್ಫ್ ಹೊಡೆಯಿತು, ಎಂಜಿನ್ ಹಿಡಿಯಲಿಲ್ಲ. ಮತ್ತೂ ಅದೇ.

“ಹೋಗ್ಲಿ ಬಿಡಿ ಅಕ್ಕ. ಗಾಡಿಗೂ ಯಜಮಾನ್ರೇ ಬೇಕೇನೋ.”

ಅತ್ತೆ ಟೆಸ್ಟ್ ಲ್ಯಾಂಪ್ ಹಿಡಿದಳು. ಕೀಲಿಯ ಹತ್ತಿರ ಬೆಳಗಿತು, ಕಾಯಿಲ್ ಹತ್ತಿರ ಬೆಳಗಲಿಲ್ಲ. ಮ್ಯಾಟಿನಡಿ ಹೋದ ಕರೆಂಟು ಹೊರಗೆ ಬರುತ್ತಿರಲಿಲ್ಲ. ಮ್ಯಾಟು ಎತ್ತಿ, ವೈರು ಹಿಡಿದುಕೊಂಡೇ ಕೈ ತೂರಿಸಿದಳು. ಡ್ರೈವರ್ ಸೀಟಿನಡಿ ಒಂದು ಪುಟ್ಟ ಸ್ವಿಚ್ಚು ಸಿಕ್ಕಿತು.

ಕಾರು ಹತ್ತಿದಾಗಲೆಲ್ಲ ಮಾವ ಅಲ್ಲಿ ಕೈ ಹಾಕುತ್ತಿದ್ದ. ಸೀಟು ಸರಿಮಾಡಿಕೊಳ್ಳುತ್ತಾನೆಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಕಳ್ಳರು ಗಾಡಿ ಚಾಲೂ ಮಾಡದಿರಲೆಂದು ಇಟ್ಟದ್ದನ್ನು ಹೆಂಡತಿಗೂ ಹೇಳಿರಲಿಲ್ಲ, ಪುಣ್ಯಾತ್ಮ. ಕೊನೆಯ ಸಲ ಅದನ್ನು ಆರಿಸಿದ್ದು ಅವನದೇ ಬೆರಳು. ಈಗಲಾದರೂ ಅಳು ಬರಬೇಕಿತ್ತು. ಬರಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಸ್ವಿಚ್ಚಿನ ಮೇಲೆ ಬೆರಳು ಇಟ್ಟುಕೊಂಡೇ ಇದ್ದಳು. ಆಮೇಲೆ ಒತ್ತಿ, ಕೀಲಿ ತಿರುಗಿಸಿದಳು.

ಎಂಜಿನ್ ಹಿಡಿಯಿತು. ಟ್ಯಾಕ್ಸಿಯವನು ಬಾನೆಟ್ಟಿನೊಳಗೆ ಬಗ್ಗಿ ನೋಡಿ, ತನ್ನ ಗಾಡಿಯನ್ನು ನಾಳೆಯೇ ತರುವುದಾಗಿ ಹೇಳಿದ.

“ತಾ. ಗುಟ್ಟಿನ ಸ್ವಿಚ್ಚು ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡು,” ಎಂದಳು ಅತ್ತೆ. ನಗಲಿಲ್ಲ.

ಕೆಲಸದ ವಿವರ ಸರಿಯಾಗಿ ಬರೆದೆನೋ ಇಲ್ಲವೋ ತಿಳಿಯದು. ಈಗ ಇದನ್ನು ಅತ್ತೆಗೆ ಓದಿ ಹೇಳಿ, ತಪ್ಪಿದ್ದಲ್ಲಿ ತಿದ್ದುತ್ತೇನೆ.