ಹೊಳೆ ಸುತ್ತಿ ದೂರ ಅಳೆದ ವನಜ

ಮೀನುಬುಟ್ಟಿ ಹೊತ್ತು ಇಪ್ಪತ್ತು ವರ್ಷ ಕಿರಿಮಂಜೇಶ್ವರದ ಓಣಿ ಓಣಿ ತಿರುಗಿದ ವನಜನಿಗೆ ಕಿಲೋಮೀಟರಿನ ಲೆಕ್ಕ ಬಾರದು. ದಾರಿಯಲ್ಲಿ ಎಷ್ಟು ಸಲ ಬುಟ್ಟಿ ಇಳಿಸಿ ಕೊರಳು ಸಡಿಲಿಸಬೇಕು ಎಂಬುದೇ ಅವಳ ಅಳತೆ. ಅದು ಒಮ್ಮೆಯೂ ತಪ್ಪಿದ್ದಿಲ್ಲ.

೨೦೦೮ರಲ್ಲಿ ಮಗಳು ನಿಖಿತಾ ಹೊಳೆಯಾಚೆಯ ಶಾಲೆಗೆ ಸೇರಿದಳು. ಶಾಲೆಗೆ ಹೊಸ ಬಸ್ಸು ಬಂದಿತ್ತು. ಮೂರು ಕಿಲೋಮೀಟರಿಗಿಂತ ಹತ್ತಿರದ ಮಕ್ಕಳಿಗೆ ಸೀಟಿಲ್ಲ ಎಂಬ ನಿಯಮವೂ ಜೊತೆಗೇ ಬಂದಿತ್ತು. ಶಾಲೆಯ ಆಫೀಸಿನ ಗುಮಾಸ್ತ ಗೋವರ್ಧನ, ವನಜ ಬಸ್ಸಿಗಾಗಿ ಕೊಟ್ಟ ಅರ್ಜಿಯ ಮೇಲೆ ‘ಒಂದೂವರೆ’ ಎಂದು ಬರೆದು ವಾಪಸು ಕೊಟ್ಟರು. ಅವರು ಅಳೆದದ್ದು ದೋಣಿಯಲ್ಲಿ ದಾಟುವ ದಾರಿ. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ದೋಣಿ ನೀರಿಗಿಳಿಯದೆ ದಡದಲ್ಲೇ ಉಳಿಯುತ್ತದೆ. ಆಗ ದೂರದ ಸೇತುವೆ ಸುತ್ತಿಯೇ ಹೋಗಬೇಕು. ಬಸ್ಸು ಸಿಗದಿದ್ದರೆ ಹುಡುಗಿಯ ಓದು ನಿಂತ ಹಾಗೆಯೇ.

ವನಜ ಅಳಲಿಲ್ಲ, ಬೈಯಲೂ ಇಲ್ಲ.

“ಹ್ವಾಯ್ ಗೋವರ್ಧನಣ್ಣ, ನಾಳೆ ಬೆಳಿಗ್ಗೆ ನಮ್ಮನಿಗ್ ಬನ್ನಿ. ಒಟ್ಟಿಗೆ ನಡ್ಕಂಡ್ ಶಾಲಿಗ್ ಹೋಪ.”

“ಎಂತಕ್ಕೆ? ನಂಗೆ ಬೇರೆ ಕೆಲ್ಸ ಇಲ್ದಾ?”

“ಒಂದೂವರಿಯೇ ಅಲ್ದಾ? ಕುಡ್ದ್ ಚಾ ಹೊಟ್ಟಿಗ್ ಇಳೂದ್ರೊಳ್ಗೆ ಮುಟ್ತ್ರಿ!”

ಆಫೀಸಿನವರೆಲ್ಲ ನಕ್ಕರು. ಮಾನಕ್ಕಂಜಿ ಗೋವರ್ಧನ ಮರುದಿನ ಕೊಡೆ ಹಿಡಿದು ಬಂದರು. ದೋಣಿ ದಡದಲ್ಲಿ ಬೋರಲು ಬಿದ್ದಿತ್ತು. ಹೊಳೆ ಕೆಂಪಗೆ ಮೊರೆಯುತ್ತಿತ್ತು. ವನಜ ಒಣ ಸಿಗಡಿಯ ಬುಟ್ಟಿ ಹೊತ್ತು ಸೇತುವೆ ಕಡೆಗೆ ಮುಂದೆ ನಡೆದಳು. ಹೇಗೂ ಹೋಗುವ ದಾರಿ ಎಂದು ಮೂರು ಮನೆಯಲ್ಲಿ ವ್ಯಾಪಾರವನ್ನೂ ಮುಗಿಸಿದಳು. ಗೋವರ್ಧನ ಕೆಸರಾದ ಬೂಟು ಕಳಚಿ ಮೋರಿ ಮೇಲೆ ಕುಸಿದು ಕುಳಿತರು.

“ಇನ್ನೆಷ್ಟ್ ದೂರ ಇತ್ತ್ ಮಾರಾಯ್ತಿ?”

“ಎರಡ್ ಸಲ ಬುಟ್ಟಿ ಇಳ್ಸಾಯ್ತ್. ಇನ್ನ್ ಮೂರ್ ಸಲ ಇತ್ತ್.”

“ನಿನ್ ಬುಟ್ಟಿ ಹಾಳಾಗ್ಲಿ!”

“ಅದ್ ಹಾಳಾರೆ ಬಸ್ಸಿನ್ ಫೀಸ್ ಯಾರ್ ಕೊಡುದ್? ನೀವಾ?”

ಅವರು ಶಾಲೆ ಮುಟ್ಟುವಾಗ ಎರಡನೇ ಪಾಠದ ಗಂಟೆ ಹೊಡೆದಿತ್ತು. ಗೋವರ್ಧನ ಒದ್ದೆ ಕೈಯಲ್ಲೇ ಅರ್ಜಿಯ ಮೇಲಿನ ‘ಒಂದೂವರೆ’ ಹೊಡೆದುಹಾಕಿದರು. ಆಮೇಲೆ ಪೆನ್ನು ಹಿಡಿದು ತಡೆದರು.

“ಬುಟ್ಟಿ ಇಳ್ಸಿದ್ ಐದ್ ಸಲ, ದಾರಿಯೂ ಐದ್ ಕಿಲೋಮೀಟರೇ. ಆದ್ರೆ ಐದ್ ಅಂತ ಬರ್ದ್ರೆ ಫೀಸ್ ಜಾಸ್ತಿ ಆತ್ತ್ ವನಜಕ್ಕ. ಮೂರೂವರಿ ಹಾಕ್ಲಾ? ಕಡ್ಮಿ ಫೀಸಲ್ಲೇ ಮುಗಿತ್ತ್.”

“ಬ್ಯಾಡ. ಮೀನಿನ್ ತೂಕದಲ್ಲೂ ಮೋಸ ಮಾಡ್ದವ್ಳಲ್ಲ ನಾನ್. ಐದಂದ್ರೆ ಐದೇ ಹಾಕಿ.”

ಅಂಥ ಹೆಂಗಸು ಅವಳು. ಗೋವರ್ಧನರು ಆ ದಿನವೇ ಮುಖ್ಯೋಪಾಧ್ಯಾಯರಿಗೆ ಹೇಳಿ, ದೋಣಿಯ ದಾರಿ ಲೆಕ್ಕಕ್ಕಿಲ್ಲವೆಂದು ನಿಯಮದಲ್ಲಿ ಸೇರಿಸಿದರು. ಸೋಮವಾರ ಬಸ್ಸು ಸೇತುವೆ ಸುತ್ತಿ ವನಜನ ಮನೆಯಿರುವ ಕಡಲಬದಿಗೆ ಬಂದಾಗ ನಿಖಿತಾಳ ಹಿಂದೆ ಸೀಟು ಸಿಗದೆ ಉಳಿದಿದ್ದ ಆ ದಡದ ಇನ್ನೂ ನಾಲ್ಕು ಮಕ್ಕಳು ಹತ್ತಿದರು.