ಕೊಂಡಮ್ಮಕ್ಕನ ಒಪ್ಪಿಗೆ

ಶಿಡ್ಲಘಟ್ಟದ ಹತ್ತಿರದ ನಮ್ಮೂರಲ್ಲಿ ಕೊಂಡಮ್ಮಕ್ಕನ ಬಾಯಿಂದ "ಹ್ಞೂಂ" ಹೊರಡಿಸುವುದೆಂದರೆ ಮರಳು ಹಿಂಡಿ ಎಣ್ಣೆ ತೆಗೆದ ಹಾಗೆ. ನಲವತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿರುವ ಹೆಂಗಸು. ಅವರ ಸೊಸೆ ಹರಿಣಿ ಹುಳು ಮನೆಯ ತೇವ ನೋಡಿಕೊಳ್ಳುವ ಪ್ರೋಗ್ರಾಂ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಇಂಟರ್ನೆಟ್ಟಿಗೆ ಬಿಟ್ಟಳು. ಮೂವತ್ತೆರಡು ಮನೆಯವರು ಹಾಕಿಸಿಕೊಂಡೆವು. ಕಾನೂನೂ ಅವಳದೇ: ಬರೆದವರೇ ತಮ್ಮ ಅಪ್‌ಡೇಟ್‌ಗೆ ಒಪ್ಪಿಗೆ ಕೊಡುವ ಹಾಗಿಲ್ಲ; ಹುಳು ಸಾಕುವವರೊಬ್ಬರು ಕೊಡಬೇಕು; ಕೊಟ್ಟ ಮೇಲೆ ಒಂದಕ್ಷರ ಬದಲಾದರೂ ಒಪ್ಪಿಗೆ ರದ್ದು. ಕೊಡುವವರು ಯಾರು? ಅತ್ತೆ! ಹುಡುಗಿ ಬೇಕಂತಲೇ ತಲೆ ಒಡ್ಡಿಕೊಂಡಳು.

ಆವತ್ತು ನನ್ನ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಆಗ ಮನೆ ಒಣಗಿರಬೇಕು. ಆದರೆ ಕರೆಂಟು ಹೋಗಿ ಬಂದರೆ ಸಾಕು, ಪ್ರೋಗ್ರಾಂ ಜ್ವರವನ್ನೇ ಮರೆತು ನೀರಿನ ಮಂಜು ಎರಚುತ್ತಿತ್ತು. ಹರಿಣಿ ಅದನ್ನು ಸರಿಮಾಡಿದ್ದಳು, ಅತ್ತೆಯ ಒಪ್ಪಿಗೆಯೊಂದೇ ಬಾಕಿ. ನಾನೋ ಐದರ ಬಸ್ಸಿಗೆ ಚಿಂತಾಮಣಿಗೆ, ನಾದಿನಿಯ ರಿಸೆಪ್ಷನ್ನಿಗೆ ಹೊರಡಬೇಕು. ಅಪ್‌ಡೇಟ್ ಬರದೆ ಹುಳು ಬಿಟ್ಟು ಹೋಗುವುದು ಹೇಗೆ?

ಕೊಂಡಮ್ಮಕ್ಕ ತಮ್ಮ ಖಾಲಿ ಹುಳು ಮನೆಯಲ್ಲಿ ಪ್ರೋಗ್ರಾಂಗೆ ಜ್ವರ ಅಂತ ಸುಳ್ಳು ಹೇಳಿ, ಮೇನ್ ಸ್ವಿಚ್ ಕೆಳಗೆಳೆದರು, ಮೇಲೆತ್ತಿದರು, ಅರ್ಧ ಗಂಟೆ ಕಾದರು. ಮಂಜು ಬರಲಿಲ್ಲ. ನಾಲ್ಕಕ್ಕೆ ಮೊಬೈಲಿನಲ್ಲಿ ಒಪ್ಪಿಗೆ ಒತ್ತಿದರು. ನಾನು ಕುಣಿದುಬಿಟ್ಟೆ! ಹರಿಣಿಗೂ ಖುಷಿ ತಲೆಗೇರಿ, ಕಳಿಸುವ ಮೊದಲು "ಪರೀಕ್ಷಿಸಿದವರು: ಕೊಂಡಮ್ಮ" ಎಂದು ಅಪ್‌ಡೇಟ್‌ನೊಳಗೆ ಒಂದು ಸಾಲು ಸೇರಿಸಿದಳು.

ಒಪ್ಪಿಗೆ ರದ್ದು!

"ಅತ್ತೆ, ಇನ್ನೊಂದ್ಸಲ ಒತ್ತಿಬಿಡಿ. ನಿಮ್ಮ ಹೆಸರಷ್ಟೇ ಸೇರ್ಸಿದ್ದು."

"ನನ್ನೆಸ್ರಾ? ಹಂಗಾದ್ರೆ ಮೊದಲಿಂದ ನೋಡ್ಬೇಕು ಕಣಮ್ಮ," ಅಂದವರೇ ಮತ್ತೆ ಸ್ವಿಚ್ ಎಳೆದರು.

"ಅಕ್ಕಾ, ಬಸ್ಸು!" ಎಂದು ಗೋಗರೆದೆ.

"ಏಮಪ್ಪಾ ಮುನೇಶ, ಹುಳು ನಿಂದು ತಾನೆ? ಕೂತ್ಕೋ."

ಈ ಸಲ ಒಮ್ಮೆಯಲ್ಲ, ಎರಡು ಸಲ ಪರೀಕ್ಷೆ. ಅಷ್ಟರಲ್ಲಿ ಮೊದಲೇ ಚಿಂತಾಮಣಿ ಸೇರಿದ್ದ ಹೆಂಡತಿಯಿಂದ ಆರು ಫೋನು. ಐದೂಕಾಲಿಗೆ ಒತ್ತಿದರು, ನನ್ನ ಮೊಬೈಲಿಗೆ ಅಪ್‌ಡೇಟ್ ಬಂತು. ಬಸ್ಸು ಹೋಗಿತ್ತು, ನನಗೆ ಸಿಟ್ಟು ನೆತ್ತಿಗೇರಿತ್ತು.

"ಇಷ್ಟೊಂದು ಹಠ ಯಾಕಕ್ಕಾ?"

ಅವರು ಫೋನಿನಲ್ಲಿದ್ದ ತಮ್ಮ ಹೆಸರನ್ನು ಬೆರಳಿಂದ ದೊಡ್ಡದು ಮಾಡಿ ತೋರಿಸುತ್ತ, ಮದುವೆ ಹೆಣ್ಣಿನ ಹಾಗೆ ನಗುತ್ತಿದ್ದರು.

"ಇಷ್ಟು ದಿನ ತಪ್ಪಾದ್ರೆ ಮೂವತ್ತೆರಡು ಮನೆಯೋರೂ ನನ್ನ ಸೊಸೇನ ಬೈತಿದ್ರಪ್ಪ. ಇನ್ಮೇಲೆ ನನ್ನ ಬೈತಾರೆ!"